ಮಧ್ಯಮ ಶ್ರೇಣಿಯ ಗಣಕಗಳಲ್ಲಿ ಸಂವಾದಾತ್ಮಕ ಹಾಗೂ ಬ್ಯಾಚ್ ಸಂಸ್ಕರಣೆ: ಕಡತ ನಿರ್ವಹಣೆಯ ವಿವೇಚನೆ

ಗಣಕವು ನಿರ್ವಹಿಸುವ ಕಾರ್ಯಗಳನ್ನು ಸ್ಥೂಲವಾಗಿ ಎರಡು ಬಗೆಯಾಗಿ ವಿಂಗಡಿಸಬಹುದು. ಬಳಕೆದಾರನು ಪರದೆಯ ಮುಂದೆ ಕುಳಿತು ಮಾಹಿತಿಯನ್ನು ನೀಡಿ ಉತ್ತರಕ್ಕಾಗಿ ಕಾಯುವುದು ಸಂವಾದಾತ್ಮಕ ಸಂಸ್ಕರಣೆ. ಕೆಲಸವನ್ನು ಸರದಿಗೆ ಒಪ್ಪಿಸಿ, ಯಾರ ಹಸ್ತಕ್ಷೇಪವೂ ಇಲ್ಲದೆ ಪೂರೈಸಿಕೊಳ್ಳುವುದು ಬ್ಯಾಚ್ ಸಂಸ್ಕರಣೆ. ಇವೆರಡೂ ಒಂದೇ ಕಡತವನ್ನು ಆಶ್ರಯಿಸಿದಾಗ ಉದ್ಭವಿಸುವ ತೊಡಕುಗಳಿಗೆ ಐಬಿಎಂ ಸಂಸ್ಥೆಯ ಎಎಸ್/400 ಉತ್ತಮ ನಿದರ್ಶನವಾಗಿದೆ.

ಅಮೆರಿಕದ ಮಿನ್ನೆಸೋಟ ರಾಜ್ಯದ ರೋಚೆಸ್ಟರ್‌ನಲ್ಲಿ ರೂಪುಗೊಂಡ ಈ ಗಣಕವು 1978ರಲ್ಲಿ ಪ್ರಕಟವಾದ ಸಿಸ್ಟಮ್/38ರ ವಿನ್ಯಾಸವನ್ನು ಮುಂದುವರಿಸಿ 1988ರ ಜೂನ್‌ನಲ್ಲಿ ಹೊರಬಂದಿತು. 2008ರಿಂದ ಇದರ ಕಾರ್ಯಾಚರಣ ವ್ಯವಸ್ಥೆಯು ಐಬಿಎಂ ಐ ಎಂಬ ಹೆಸರನ್ನು ಹೊಂದಿದೆ. ದತ್ತಸಂಚಯವು ಕಾರ್ಯಾಚರಣ ವ್ಯವಸ್ಥೆಯ ಅಂಗವಾಗಿಯೇ ಇರುವುದು ಇದರ ವೈಶಿಷ್ಟ್ಯ.

ಈ ವ್ಯವಸ್ಥೆಯಲ್ಲಿ ಕಾರ್ಯಗಳು ಉಪವ್ಯವಸ್ಥೆಗಳಲ್ಲಿ ನಡೆಯುತ್ತವೆ. ಮೂಲ ಸಿದ್ಧತೆಯಂತೆ ಸಂವಾದಾತ್ಮಕ ಕಾರ್ಯಕ್ಕೆ 20, ಬ್ಯಾಚ್ ಕಾರ್ಯಕ್ಕೆ 50 ಎಂಬ ಆದ್ಯತೆ ನಿಗದಿಯಾಗಿದೆ. ಸಂಖ್ಯೆ ಕಡಿಮೆಯಾದಷ್ಟೂ ಆದ್ಯತೆ ಹೆಚ್ಚು. ಪರದೆಯ ಮುಂದಿರುವವನನ್ನು ಕಾಯಿಸಬಾರದೆಂಬುದೇ ಇದರ ಆಶಯ. ಆದರೆ ದೀರ್ಘವಾದ ವರದಿಯೊಂದನ್ನು ಪರದೆಯಿಂದಲೇ ನೇರವಾಗಿ ನಡೆಸಿದರೆ ಅದಕ್ಕೂ 20ರ ಆದ್ಯತೆಯೇ ದೊರೆತು ಉಳಿದೆಲ್ಲ ಬಳಕೆದಾರರು ಕಾಯಬೇಕಾಗುತ್ತದೆ. ಆದಕಾರಣ ಅಂತಹ ಕಾರ್ಯವನ್ನು ಆದೇಶದ ಮೂಲಕ ಸರದಿಗೆ ಸಲ್ಲಿಸುವುದು ವಿಹಿತ.

ಆದ್ಯತೆಗಿಂತ ಗಂಭೀರವಾದುದು ದಾಖಲೆಯ ಬೀಗದ ಪ್ರಶ್ನೆ. ಆರ್‌ಪಿಜಿ ಭಾಷೆಯ ಕ್ರಮವಿಧಿಯು ತಿದ್ದುಪಡಿಗೆಂದು ತೆರೆದ ಕಡತದಿಂದ ದಾಖಲೆಯನ್ನು ಓದಿದೊಡನೆ ಅದಕ್ಕೆ ಬೀಗ ಬೀಳುತ್ತದೆ. ಗುಮಾಸ್ತನು ಆ ದಾಖಲೆಯನ್ನು ಪರದೆಯ ಮೇಲಿಟ್ಟು ಊಟಕ್ಕೆ ತೆರಳಿದನೆನ್ನೋಣ. ಅದೇ ದಾಖಲೆಯನ್ನು ತಿದ್ದಲು ಬಂದ ಬ್ಯಾಚ್ ಕಾರ್ಯವು ಸಾಮಾನ್ಯ ಮಿತಿಯಾದ 60 ಸೆಕೆಂಡುಗಳವರೆಗೆ ಕಾದು ದೋಷವನ್ನು ವರದಿ ಮಾಡುತ್ತದೆ. ಅದನ್ನು ಎದುರಿಸುವ ಏರ್ಪಾಡು ಇಲ್ಲದಿದ್ದರೆ ಕಾರ್ಯವು ನಡುವೆಯೇ ನಿಲ್ಲುತ್ತದೆ. ಕೆಲವು ಖಾತೆಗಳು ತಿದ್ದಲ್ಪಟ್ಟು ಕೆಲವು ಹಾಗೆಯೇ ಉಳಿಯುತ್ತವೆ.

ಇದಕ್ಕೆ ಪರಿಹಾರವು ಕ್ರಮವಿಧಿಯ ರಚನೆಯಲ್ಲಿಯೇ ಇದೆ. ಮೊದಲು ಬೀಗವಿಲ್ಲದೆ ಓದಿ ಪರದೆಗೆ ಒಪ್ಪಿಸಬೇಕು. ಬಳಕೆದಾರನು ಎಂಟರ್ ಕೀಲಿಯನ್ನು ಒತ್ತಿದ ಬಳಿಕ ಬೀಗಸಹಿತ ಮರಳಿ ಓದಿ, ಹಿಂದಿನ ಪ್ರತಿಯೊಡನೆ ಹೋಲಿಸಬೇಕು. ನಡುವೆ ಬದಲಾವಣೆಯಾಗಿಲ್ಲವಾದರೆ ಮಾತ್ರ ಬರೆಯಬೇಕು; ಆಗಿದ್ದರೆ ಬೀಗವನ್ನು ಬಿಟ್ಟು ಬಳಕೆದಾರನಿಗೆ ತಿಳಿಸಬೇಕು. ಹೀಗೆ ಬೀಗದ ಅವಧಿಯು ಮನುಷ್ಯನ ವೇಗವನ್ನು ಅವಲಂಬಿಸದೆ ಯಂತ್ರದ ವೇಗಕ್ಕೆ ಸೀಮಿತವಾಗುತ್ತದೆ. ಬ್ಯಾಚ್ ಕಾರ್ಯಕ್ಕೆ ಜರ್ನಲ್ ಹಾಗೂ ಕಮಿಟ್‌ಮೆಂಟ್ ನಿಯಂತ್ರಣವನ್ನು ಅಳವಡಿಸಿದರೆ, ಅಪೂರ್ಣವಾಗಿ ಉಳಿದ ತಿದ್ದುಪಡಿಗಳನ್ನು ಹಿಂತೆಗೆಯಲು ಸಾಧ್ಯ.

ಕಡತವನ್ನು ಓದುವ ಕ್ರಮವೂ ಭಿನ್ನವಾದುದು. ಸಂವಾದದಲ್ಲಿ ಕೀಲಿಯ ಮೂಲಕ ಒಂದೊಂದೇ ದಾಖಲೆ ಸಾಕು. ಬ್ಯಾಚ್‌ನಲ್ಲಿ ಅನುಕ್ರಮವಾಗಿ ಅನೇಕ ದಾಖಲೆಗಳನ್ನು ಒಟ್ಟಿಗೆ ತರುವುದರಿಂದ ಸಮಯ ಉಳಿಯುತ್ತದೆ. ಕ್ರಮವಿಧಿಯನ್ನು ಬದಲಿಸದೆ, ಕಡತವನ್ನು ತೆರೆಯುವ ಮುನ್ನ ನೀಡುವ ಓವರ್‌ರೈಡ್ ಆದೇಶದಿಂದಲೇ ಇದನ್ನು ಸಾಧಿಸಬಹುದು. ಆದರೆ ಹಾಗೆ ಮುಂದಾಗಿ ತಂದ ದಾಖಲೆಯು ಅಷ್ಟರಲ್ಲಿ ಬೇರೊಬ್ಬರಿಂದ ಬದಲಾಗಿರಬಹುದೆಂಬ ಎಚ್ಚರ ಅಗತ್ಯ.

ಒಟ್ಟಿನಲ್ಲಿ, ಯಾವ ಕಾರ್ಯ ಯಾವ ಬಗೆಯಲ್ಲಿ ನಡೆಯಬೇಕೆಂಬುದು ಕೇವಲ ವೇಗದ ವಿಚಾರವಲ್ಲ. ದತ್ತಾಂಶದ ವಿಶ್ವಾಸಾರ್ಹತೆಯೂ ಆ ನಿರ್ಣಯವನ್ನೇ ಅವಲಂಬಿಸಿದೆ.