ಚಿನ್ನದ ತೂಕದ ಚರೆ

ಸಣ್ಣ ನಳಿಗೆಯ ಕೋವಿಗೆ ಮೊದಲಿನಿಂದಲೂ ಇರುವ ತೊಂದರೆ ಒಂದೇ: ಒಳಗೆ ಜಾಗ ಸಾಲದು. ಚರೆ ತೋಟಾ ಹಾರಿಸುವ ಕೋವಿಗಳನ್ನು ಬೋರ್ ಲೆಕ್ಕದಲ್ಲಿ ಅಳೆಯುತ್ತಾರೆ. ನಳಿಗೆಗೆ ಸರಿಯಾಗಿ ಕೂರುವ ಸೀಸದ ಗುಂಡುಗಳು ಎಷ್ಟು ಸೇರಿದರೆ ಒಂದು ಪೌಂಡ್, ಅಂದರೆ 454 ಗ್ರಾಂ ತೂಗುತ್ತವೋ ಅದೇ ಆ ಕೋವಿಯ ಬೋರ್. ಹನ್ನೆರಡು ಗುಂಡು ಸಾಕಾದರೆ 12 ಬೋರ್, ಇಪ್ಪತ್ತೆಂಟು ಬೇಕಾದರೆ 28 ಬೋರ್. ಸಂಖ್ಯೆ ಹೆಚ್ಚಿದಷ್ಟೂ ನಳಿಗೆ ಕಿರಿದು. 12 ಬೋರಿನ ಒಳವ್ಯಾಸ ಸುಮಾರು 18.5 ಮಿಲಿಮೀಟರ್, 28 ಬೋರಿನದು 14. ಸಾಮಾನ್ಯ ಬಳಕೆಯವುಗಳಲ್ಲಿ ಎಲ್ಲಕ್ಕಿಂತ ಸಣ್ಣದಾದ .410 ಮಾತ್ರ ಈ ಲೆಕ್ಕಕ್ಕೆ ಸೇರುವುದಿಲ್ಲ. ಅದರ ಹೆಸರಿನಲ್ಲಿರುವುದು ನೇರವಾಗಿ ಇಂಚಿನ ಅಳತೆ; ನಮ್ಮ ಲೆಕ್ಕದಲ್ಲಿ 10.4 ಮಿಲಿಮೀಟರ್.

ಇಷ್ಟು ಕಿರಿದಾದ ಕೋವಿ ಯಾರಿಗೆ ಬೇಕು? ಅಮೆರಿಕದ ನೆವಾಡಾ, ಐಡಹೊ ಕಡೆಯ ಒಣ ಬೆಟ್ಟಗಳಲ್ಲಿ ಚುಕರ್ ಹಕ್ಕಿಯ ಬೆನ್ನು ಹತ್ತುವವರಿಗೆ ಬೇಕು. ಚುಕರ್ ಅಲ್ಲಿನ ಮೂಲ ನಿವಾಸಿಯಲ್ಲ. ಹಿಮಾಲಯದಿಂದ ಪಶ್ಚಿಮ ಏಷ್ಯಾದವರೆಗಿನ ಕಲ್ಲುಗುಡ್ಡಗಳ ಕೌಜುಗ ಅದು, ಬೆಳದಿಂಗಳು ಕುಡಿದು ಬದುಕುತ್ತದೆ ಎಂದು ನಮ್ಮ ಕವಿಗಳು ಹಾಡಿದ ಚಕೋರ. ಅಮೆರಿಕನ್ನರು ತಂದು ಬಿಟ್ಟ ಮೇಲೆ ಅಲ್ಲಿನ ಕಡಿದಾದ ಇಳಿಜಾರುಗಳಲ್ಲಿ ತಳವೂರಿತು. ಅಟ್ಟಿಸಿಕೊಂಡು ಹೋದರೆ ಏರು ದಾರಿಯಲ್ಲಿ ಓಡುತ್ತದೆ, ಮೇಲೆ ತಲುಪಿದ ಮೇಲೆ ಕಣಿವೆಯ ಕಡೆಗೆ ಹಾರಿಬಿಡುತ್ತದೆ. ನಾಯಿಯ ಹಿಂದೆ ದಿನವಿಡೀ ಏರಿಳಿಯುವವನಿಗೆ ಹೆಗಲ ಮೇಲಿನ ಅರ್ಧ ಕಿಲೋ ಕೂಡ ದೊಡ್ಡದು. 28 ಬೋರಿನ ಹಗುರ ಜೋಡು ನಳಿಗೆ ಕೋವಿ ಅಲ್ಲಿ ಇಷ್ಟವಾಗಲು ಅದೇ ಕಾರಣ.

ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯೊಂದಿಗೆ ಷಿಕಾರಿಯ ಕಾಲ ಮುಗಿಯಿತು. ಅಲ್ಲಿ ಲೈಸೆನ್ಸ್ ಪಡೆದು, ಋತು ನೋಡಿ, ದಿನಕ್ಕೆ ಇಷ್ಟೇ ಹಕ್ಕಿ ಎಂಬ ಮಿತಿಯೊಳಗೆ ಅದು ಇನ್ನೂ ನಡೆಯುತ್ತದೆ. ಬೇಟೆ ಸರಿಯೇ ತಪ್ಪೇ ಎಂಬ ವಾದ ಬೇರೆ. ಆದರೆ ಈಡು ತಗುಲಿದ ಮೇಲೂ ಸಾಯದೆ, ಕೈಗೂ ಸಿಗದೆ, ಪೊದೆಯೊಳಗೆ ನುಸುಳಿ ನರಳುವ ಹಕ್ಕಿಯ ಸಂಗತಿಯನ್ನು ಎರಡೂ ಕಡೆಯವರು ಒಪ್ಪಲೇಬೇಕು. ಸಣ್ಣ ಕೋವಿಗಳಿಗೆ, ಅದರಲ್ಲೂ .410ಗೆ, ಕೆಟ್ಟ ಹೆಸರು ಬಂದದ್ದು ಇಲ್ಲಿಯೇ.

ಯಾಕೆ ಎಂದು ನೋಡೋಣ. .410ರ ಚಿಕ್ಕ ತೋಟಾದಲ್ಲಿ ತುಂಬುವುದು ಅರ್ಧ ಔನ್ಸ್, ಸುಮಾರು 14 ಗ್ರಾಂ ಚರೆ. ಅದರಲ್ಲಿ 6ನೇ ನಂಬರಿನ ಸೀಸದ ಚರೆ ಸುಮಾರು 110 ಹಿಡಿಯುತ್ತವೆ (ನಂಬರ್ ಹೆಚ್ಚಿದಷ್ಟೂ ಚರೆ ಸಣ್ಣ). ಅವು ಹರಡಿಕೊಂಡಾಗ ನಡುವೆ ಉಳಿಯುವ ಕಂಡಿಗಳಲ್ಲಿ ಹಕ್ಕಿ ತೂರಿಹೋಗಬಹುದು, ಇಲ್ಲವೇ ಒಂದೇ ಒಂದು ಚರೆ ರೆಕ್ಕೆಗೆ ಬಡಿಯಬಹುದು. ಸಂಖ್ಯೆ ಹೆಚ್ಚಲೆಂದು ಇನ್ನೂ ಸಣ್ಣ ಚರೆ ತುಂಬಿದರೆ ಗಾಳಿಯಲ್ಲೇ ವೇಗ ಕಳೆದುಕೊಂಡು, ಗರಿ ದಾಟಿ ಒಳಗಿಳಿಯುವ ಬಲ ಉಳಿಯುವುದಿಲ್ಲ.

ಗಾಳಿಯ ತಡೆ ಚರೆಯ ಎದುರುಮುಖದ ವಿಸ್ತೀರ್ಣವನ್ನು ನೋಡುತ್ತದೆ. ತಡೆಗೆ ಬಗ್ಗದೆ ಮುನ್ನುಗ್ಗುವ ಶಕ್ತಿ ಚರೆಯ ದ್ರವ್ಯರಾಶಿಯಲ್ಲಿದೆ. ವ್ಯಾಸ ಅರ್ಧವಾದರೆ ಮುಖ ಕಾಲು ಭಾಗಕ್ಕೆ ಇಳಿಯುತ್ತದೆ, ತೂಕ ಎಂಟನೇ ಒಂದಕ್ಕೆ. ಹಾಗಾಗಿ ಸಣ್ಣದಕ್ಕೆ ಯಾವಾಗಲೂ ನಷ್ಟ. ಗೋಲಾಕಾರದ ಚರೆಯ ಮಟ್ಟಿಗೆ ಇದನ್ನೆಲ್ಲ ಒಂದು ಗುಣಾಕಾರಕ್ಕೆ ಇಳಿಸಬಹುದು: ಸಾಂದ್ರತೆಯನ್ನು ವ್ಯಾಸದಿಂದ ಗುಣಿಸಿ. ಬಂದ ಸಂಖ್ಯೆ ಒಂದೇ ಆದರೆ, ಒಂದೇ ವೇಗದಲ್ಲಿ ಹೊರಟ ಎರಡು ಚರೆಗಳು ಗಾಳಿಯಲ್ಲಿ ಹೆಚ್ಚುಕಡಿಮೆ ಒಂದೇ ಥರ ನಡೆದುಕೊಳ್ಳುತ್ತವೆ.

ಹಾಗಾದರೆ ಸಣ್ಣ ಚರೆಯನ್ನು ಸೀಸಕ್ಕಿಂತ ಭಾರವಾದ ಟಂಗ್‌ಸ್ಟನ್ ಲೋಹದಿಂದ ಮಾಡಿದರೆ? ಲೆಕ್ಕ ಹಾಕಿ ನೋಡಿ. ಚರೆಗೆ ಬಳಸುವ ಸೀಸದ ಒಂದು ಘನ ಸೆಂಟಿಮೀಟರ್ ತೂಕ ಸುಮಾರು 11 ಗ್ರಾಂ, ಉಕ್ಕಿನದು 7.8, ಟಂಗ್‌ಸ್ಟನ್ ಚರೆಯದು 18. ಟಂಗ್‌ಸ್ಟನ್‌ನ 9ನೇ ನಂಬರ್ ಚರೆ ಬರೀ 2 ಮಿಲಿಮೀಟರ್ ದಪ್ಪ, ಸಾಸಿವೆ ಕಾಳಿನಷ್ಟು. ಗುಣಾಕಾರ ಮಾಡಿದರೆ 36. ಅದೇ 36 ಸೀಸದಲ್ಲಿ ಬರಬೇಕಾದರೆ 3.3 ಮಿಲಿಮೀಟರಿನ 4ನೇ ನಂಬರ್ ಚರೆ ಬೇಕು, ಉಕ್ಕಿನಲ್ಲಾದರೆ 4.6 ಮಿಲಿಮೀಟರಿನ ದಪ್ಪ ಬಿಬಿ ಚರೆಯೇ ಆಗಬೇಕು. ಒಂದು ಔನ್ಸ್ ತೂಕಕ್ಕೆ ಬಿಬಿ ಚರೆ ಎಪ್ಪತ್ತರಷ್ಟು ಬಂದರೆ ಹೆಚ್ಚು. 4ನೇ ನಂಬರ್ ಸೀಸ ಸುಮಾರು 135. ಟಂಗ್‌ಸ್ಟನ್ ಸುಮಾರು 360! ಆ ಸಾಸಿವೆ ಕಾಳು ಒಯ್ಯುವ ಶಕ್ತಿ ದಪ್ಪ ಸೀಸದ ಚರೆಗಿಂತ ಕಡಿಮೆ, ನಿಜ. ಆದರೆ ಹಕ್ಕಿಯ ಗಾತ್ರದ ಪ್ರಾಣಿಯಲ್ಲಿ ಮುಖ್ಯವಾಗುವುದು ಎಷ್ಟು ಆಳಕ್ಕೆ ಇಳಿಯುತ್ತದೆ, ಎಷ್ಟು ಕಡೆ ತಗಲುತ್ತದೆ ಎನ್ನುವುದು. .410ರ ಅದೇ ಅರ್ಧ ಔನ್ಸಿನಲ್ಲಿ ಈಗ 180 ಚರೆ ಕೂರುತ್ತವೆ, ಅದೂ ಇನ್ನಷ್ಟು ಜಾಗ ಉಳಿಸಿ. ಹತ್ತು ಮಿಲಿಮೀಟರಿನ ನಳಿಗೆಯಿಂದ ಇದು ಸಾಧ್ಯ ಎಂಬುದು ಹಿಂದಿನ ತಲೆಮಾರಿನ ಬೇಟೆಗಾರರಿಗೆ ಊಹೆಗೂ ನಿಲುಕದ್ದು.

ಸೀಸದ ಚರೆ ಮಾಡುವುದು ಹಳೆಯ, ಸುಲಭದ ವಿದ್ಯೆ. 1782ರಲ್ಲಿ ಬ್ರಿಸ್ಟಲ್‌ನ ವಿಲಿಯಂ ವಾಟ್ಸ್ ಪೇಟೆಂಟ್ ಪಡೆದ ವಿಧಾನದಲ್ಲಿ, ಕರಗಿದ ಸೀಸವನ್ನು ಜರಡಿಯ ಮೂಲಕ ಎತ್ತರದಿಂದ ಕೆಳಗಿನ ನೀರಿಗೆ ಸುರಿಯುತ್ತಿದ್ದರು. ಬೀಳುವ ದಾರಿಯಲ್ಲೇ ಹನಿ ಗುಂಡಗಾಗಿ ಗಟ್ಟಿಯಾಗುತ್ತಿತ್ತು. ಬಾಲ್ಟಿಮೋರ್‌ನಲ್ಲಿ 1828ರಲ್ಲಿ ಕಟ್ಟಿದ, ಎಪ್ಪತ್ತು ಮೀಟರಿಗೂ ಎತ್ತರದ ಇಟ್ಟಿಗೆ ಗೋಪುರ ಇದಕ್ಕಾಗಿಯೇ ಎದ್ದದ್ದು. ಸೀಸ 327 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ. ಟಂಗ್‌ಸ್ಟನ್ ಕರಗಲು 3,422 ಡಿಗ್ರಿ ಬೇಕು. ಲೋಹಗಳಲ್ಲೆಲ್ಲ ಅದೇ ಕೊನೆಯದು. ಹಾಗಾಗಿ ಕರಗಿಸುವ ಗೋಜಿಗೆ ಹೋಗುವುದಿಲ್ಲ. ಅದಿರಿನಿಂದ ಬಂದ ಹಳದಿ ಆಕ್ಸೈಡನ್ನು ಹೈಡ್ರೋಜನ್‌ನಲ್ಲಿ ಕಾಸಿದಾಗ ಬೂದು ಬಣ್ಣದ ಲೋಹದ ಪುಡಿ ಸಿಗುತ್ತದೆ. ಅದಕ್ಕೆ ಸ್ವಲ್ಪ ನಿಕ್ಕಲ್, ಕಬ್ಬಿಣದ ಪುಡಿ ಬೆರೆಸಿ, ಸಣ್ಣ ಗೋಲಿಗಳಾಗಿ ಒತ್ತಿ, 1,500 ಡಿಗ್ರಿಯ ಆಸುಪಾಸಿನಲ್ಲಿ ಸುಡುತ್ತಾರೆ. ನಿಕ್ಕಲ್ ಮತ್ತು ಕಬ್ಬಿಣ ಕರಗಿ ಟಂಗ್‌ಸ್ಟನ್ ಕಣಗಳ ಸಂದುಗಳಿಗೆ ಇಳಿದು ಎಲ್ಲವನ್ನೂ ಬೆಸೆಯುತ್ತವೆ.

ಶುದ್ಧ ಟಂಗ್‌ಸ್ಟನ್ ಸಾಂದ್ರತೆ 19.3, ಚಿನ್ನದ್ದೂ 19.3. ನಕಲಿ ಚಿನ್ನದ ಗಟ್ಟಿಗಳ ಒಳಗೆ ಟಂಗ್‌ಸ್ಟನ್ ತುರುಕುವ ವಂಚಕರಿಗೆ ಇದು ಚೆನ್ನಾಗಿ ಗೊತ್ತು. ನಮ್ಮ ಕೋಲಾರದಲ್ಲಿ ಇವೆರಡೂ ನೆಲದಡಿಯಲ್ಲೇ ನೆರೆಹೊರೆ: ಚಿನ್ನ ತೆಗೆದು ರಾಶಿ ಹಾಕಿದ ಕೆಜಿಎಫ್‌ನ ಆ ದೊಡ್ಡ ಮಣ್ಣಿನ ದಿಬ್ಬಗಳಲ್ಲಿ ಟಂಗ್‌ಸ್ಟನ್‌ನ ಅದಿರಾದ ಶೀಲೈಟ್ ಇದೆ.

ಈ ದುಬಾರಿ ಸಾಹಸದ ಹಿಂದೆ ಸಣ್ಣ ಕೋವಿಯ ಮೋಹವಷ್ಟೇ ಇಲ್ಲ, ಸೀಸದ ವಿಷವೂ ಇದೆ. ಹಕ್ಕಿಗೆ ಹಲ್ಲಿಲ್ಲ; ಕಾಳು ಅರೆಯಲು ಅದು ಸಣ್ಣ ಹರಳುಗಳನ್ನು ಹೆಕ್ಕಿ ನುಂಗುತ್ತದೆ. ನೆಲಕ್ಕೆ ಬಿದ್ದ ಚರೆ ಅದಕ್ಕೆ ಹರಳಿನಂತೆಯೇ ಕಾಣುತ್ತದೆ. ಹೊಟ್ಟೆಯ ಬಲವಾದ ಸ್ನಾಯುಗಳ ನಡುವೆ, ಆಮ್ಲದಲ್ಲಿ ನೆನೆದು, ಸೀಸ ಸವೆಯುತ್ತಾ ರಕ್ತಕ್ಕೆ ಸೇರುತ್ತದೆ. ಒಂದು ಬಾತುಕೋಳಿಯನ್ನು ಕೊಲ್ಲಲು ಒಂದು ಚರೆ ಸಾಕಾಗಬಹುದು. ಅದಕ್ಕೇ ಅಮೆರಿಕ 1991ರಲ್ಲಿ ನೀರುಹಕ್ಕಿಗಳ ಬೇಟೆಯಲ್ಲಿ ಸೀಸದ ಚರೆಯನ್ನು ದೇಶಾದ್ಯಂತ ನಿಷೇಧಿಸಿತು. ಹುಲ್ಲುಗಾವಲು, ಗುಡ್ಡಗಳ ಹಕ್ಕಿಗಳಿಗೆ ಮಾತ್ರ ಹೆಚ್ಚಿನ ಕಡೆ ಇಂದಿಗೂ ಸೀಸವೇ. ಇದು ನನಗೆ ಅರ್ಥವಾಗದ ವಿಂಗಡಣೆ. ಕಾಳು ಹೆಕ್ಕುವ ಪಾರಿವಾಳಕ್ಕೂ ಕೌಜುಗಕ್ಕೂ ವಿಷ ವಿಷವೇ. ಸತ್ತ ಪ್ರಾಣಿಗಳಲ್ಲಿ ಉಳಿದ ಸೀಸದ ಚೂರು ತಿಂದು ಕಾಂಡರ್ ರಣಹದ್ದುಗಳು ಸಾಯುವುದನ್ನು ಕಂಡ ಕ್ಯಾಲಿಫೋರ್ನಿಯಾ 2019ರ ಜುಲೈನಿಂದ ಎಲ್ಲ ಬಗೆಯ ಬೇಟೆಗೂ ಸೀಸವನ್ನು ನಿಲ್ಲಿಸಿತು. ಅಲ್ಲಿ 28 ಬೋರ್ ಹಿಡಿದವನಿಗೆ ಉಕ್ಕು ತೀರಾ ಹಗುರ, ಉಳಿಯುವುದು 9.6 ಸಾಂದ್ರತೆಯ ಬಿಸ್ಮತ್, ಇಲ್ಲವೇ ಟಂಗ್‌ಸ್ಟನ್.

ಹಾಗೆಂದು ಟಂಗ್‌ಸ್ಟನ್ ನಿಷ್ಕಳಂಕವೇನಲ್ಲ. ಮ್ಯಾಸಚೂಸೆಟ್ಸ್‌ನ ಕೇಪ್ ಕಾಡ್‌ನಲ್ಲಿರುವ ಸೇನಾ ತರಬೇತಿ ನೆಲೆಯಲ್ಲಿ ಸೀಸಕ್ಕೆ ಬದಲಾಗಿ ಬಳಸಿದ್ದ ಟಂಗ್‌ಸ್ಟನ್-ನೈಲಾನ್ ಗುಂಡುಗಳಿಂದ ಲೋಹ ಅಂತರ್ಜಲಕ್ಕೆ ಇಳಿದದ್ದು ಕಂಡುಬಂದು, 2006ರಲ್ಲಿ ಅವುಗಳ ಬಳಕೆ ನಿಂತಿತು. ಬೇಟೆಯ ಚರೆಗಳಲ್ಲಿ ಟಂಗ್‌ಸ್ಟನ್ ಬೇರೆ ಲೋಹಗಳೊಂದಿಗೆ ಬೆಸೆದುಕೊಂಡಿರುತ್ತದೆ, ಅಮೆರಿಕದ ವನ್ಯಜೀವಿ ಇಲಾಖೆ ಅಂಥ ಹಲವು ಮಿಶ್ರಣಗಳನ್ನು ಪರೀಕ್ಷಿಸಿ ಒಪ್ಪಿದೆ. ಸೀಸದ ಅಪಾಯದ ಮುಂದೆ ಇದು ಬಹಳ ಸಣ್ಣದು ಎಂದೇ ನನ್ನ ತೀರ್ಮಾನ.

ನನ್ನ ಆತಂಕ ಇರುವುದು ಬಳಸುವ ಕೈಗಳ ಬಗ್ಗೆ. ಸೀಸದ ಚರೆ ಮದ್ದು ಸಿಡಿದ ಹೊಡೆತಕ್ಕೆ ಜಜ್ಜಿಹೋಗಿ ಅಡ್ಡಾದಿಡ್ಡಿ ಹಾರುತ್ತದೆ. ಟಂಗ್‌ಸ್ಟನ್ ಚರೆ ಗಟ್ಟಿ. ನಳಿಗೆಯನ್ನೇ ಗೀರಬಲ್ಲದು, ಆದ್ದರಿಂದ ಅದನ್ನು ದಪ್ಪ ಪ್ಲಾಸ್ಟಿಕ್ ಬಟ್ಟಲಿನಲ್ಲಿಟ್ಟು ತೋಟಾಕ್ಕೆ ತುಂಬುತ್ತಾರೆ. ಗುಂಡಗೇ ಉಳಿದು ನೇರ ಹೋಗುವುದರಿಂದ ಚರೆಗಳ ಗುಂಪು ಬಿಗಿಯಾಗಿರುತ್ತದೆ. ಹತ್ತಿರದಲ್ಲೇ ಎದ್ದ ಚುಕರ್‌ಗೆ ನಳಿಗೆಯ ತುದಿಯನ್ನು ಹೆಚ್ಚು ಕಿರಿದಾಗಿಸುವ ಬಿಗಿ ಚೋಕ್‌ನಿಂದ ಹೊಡೆದರೆ ಒಂದೋ ಪೂರ್ತಿ ತಪ್ಪುತ್ತದೆ, ಇಲ್ಲ ಹಕ್ಕಿ ಚಿಂದಿಯಾಗುತ್ತದೆ. ಅಲ್ಲಿ ಬೇಕಾದದ್ದು ತೆರೆದ ಚೋಕ್. ಆದರೆ ಬಿಗಿ ಗುಂಪು ಸಿಕ್ಕವನಿಗೆ ಅರವತ್ತು ಮೀಟರಿನ ಹಕ್ಕಿಯನ್ನೂ ಕೆಡವುವ ಆಸೆ ಹುಟ್ಟುತ್ತದೆ. ಆ ದೂರದಲ್ಲಿ ಹಾರುವ ಹಕ್ಕಿಯ ಮುಂದೆ ಎಷ್ಟು ಗುರಿ ಹಿಡಿಯಬೇಕೆಂಬ ಅಂದಾಜು ತಪ್ಪುವುದು ಮನುಷ್ಯನದೇ. ಚರೆ ಎಷ್ಟು ಭಾರವಾದರೂ ಅದನ್ನು ಸರಿಪಡಿಸದು. ನರಳುವ ಹಕ್ಕಿಗಳ ಸಂಖ್ಯೆ ಮತ್ತೆ ಏರುತ್ತದೆ. 9ನೇ ನಂಬರಿನ ಸೀಸ ಸುಮಾರು 160 ಮೀಟರ್ ಆಚೆ ಹೋಗುವುದಿಲ್ಲ. ಲೆಕ್ಕದ ಪ್ರಕಾರ ಅದೇ ಗಾತ್ರದ ಟಂಗ್‌ಸ್ಟನ್ 260 ಮೀಟರಿನಷ್ಟು ದೂರ ಹೋಗಿ ಬೀಳಬಲ್ಲದು. ಸಣ್ಣ ಚರೆಯೆಂದು ಆಚೆ ಬದಿಯವರ ಮೇಲಿನ ನಿಗಾ ಬಿಡುವಂತಿಲ್ಲ.

ದುಡ್ಡಿನ ಸಂಗತಿಯೂ ಇದೆ. ಒಂದೊಂದು ತೋಟಾಕ್ಕೂ ಹಲವು ಡಾಲರ್. ಜಗತ್ತಿನ ಟಂಗ್‌ಸ್ಟನ್‌ನಲ್ಲಿ ಸುಮಾರು ಐದರಲ್ಲಿ ನಾಲ್ಕು ಪಾಲು ಚೀನಾದ ಗಣಿಗಳದು. 2025ರ ಫೆಬ್ರುವರಿಯಲ್ಲಿ ಚೀನಾ ರಫ್ತು ನಿಯಂತ್ರಣ ಹೇರಿದ ಲೋಹಗಳ ಪಟ್ಟಿಯಲ್ಲಿ ಟಂಗ್‌ಸ್ಟನ್ ಜೊತೆಗೆ ಬಿಸ್ಮತ್ ಕೂಡ ಇತ್ತು. ಸಣ್ಣ ಕೋವಿಯವನು ಸೀಸ ಬಿಟ್ಟು ನೆಚ್ಚಿಕೊಂಡಿದ್ದ ಎರಡೂ ಲೋಹಗಳು ಒಂದೇ ದಿನ ಆ ಪಟ್ಟಿ ಸೇರಿದವು.