ಇಲಿಯ ಹೊಟ್ಟೆಯ ಹುಳು ಮತ್ತು ನಮ್ಮ ಜೋಳದ ಕಣಜ

ಬೋರಿ ಹೊಳೆಯ ಕುರನೂರ, ಅಕ್ಕಲಕೋಟ ಸೀಮೆಯ ಎರೆಹೊಲಗಳಲ್ಲಿ ಹಿಂಗಾರಿ ಜೋಳ ತೆನೆಗಟ್ಟಿತೆಂದರೆ ಇಲಿ, ಹೆಗ್ಗಣಗಳ ಕಾಟ ರೈತ ಬಾಂಧವರಿಗೆ ಹೊಸದಲ್ಲ. ಅವು ತಿಂದ ಕಾಳಿನ ಲೆಕ್ಕವನ್ನು ನಾವು ಇಡುತ್ತೇವೆ. ಅವುಗಳ ಹಿಕ್ಕೆಯೊಡನೆ ಬರುವ ಹುಳುವಿನ ಲೆಕ್ಕವನ್ನು ಇಡುವುದಿಲ್ಲ.

ಇಲಿಯ ಕರುಳಿನಲ್ಲಿ ಒಂದು ಬಗೆಯ ಲಾಡಿಹುಳು ಇರುತ್ತದೆ. ಅದು 20ರಿಂದ 60 ಸೆಂಟಿಮೀಟರು ಉದ್ದ ಬೆಳೆಯುತ್ತದೆ. ಅದರ ತತ್ತಿಗಳು ಹಿಕ್ಕೆಯಲ್ಲಿ ಹೊರಬೀಳುತ್ತವೆ. ಇಲಿಯಿಂದ ಇಲಿಗೆ ಇದು ನೇರವಾಗಿ ತಗಲದು. ನಡುವೆ ನುಸಿಯಂಥ ಕೀಟ ಬೇಕು. ಹಿಟ್ಟಿನ ಕೆಂಪು ನುಸಿಯು ಹಿಕ್ಕೆಯೊಡನೆ ತತ್ತಿಯನ್ನು ನುಂಗಿದರೆ ಅದರ ಒಡಲಲ್ಲಿ ಮರಿ ಬೆಳೆಯುತ್ತದೆ. ಆ ನುಸಿಯನ್ನು ತಿಂದ ಇಲಿಗೆ ಹುಳು ತಗಲುತ್ತದೆ. ನುಸಿ ಬಿದ್ದ ಹಸಿ ಹಿಟ್ಟನ್ನು, ಕಾಳನ್ನು ಬಾಯಿಗೆ ಹಾಕಿಕೊಂಡ ಕೂಸಿಗೂ ತಗಲಬಹುದು. ಇದು ಅಪರೂಪ, ಆದರೆ ಕಂಡುಬಂದಲ್ಲಿ ಮಕ್ಕಳಲ್ಲಿಯೇ ಹೆಚ್ಚು.

ಹೆದರಬೇಕಾದುದಿಲ್ಲ. ಚೆನ್ನಾಗಿ ಬೆಂದ ರೊಟ್ಟಿಯಲ್ಲಿ ಮರಿ ಉಳಿಯದು. ಕಾಳನ್ನು ಬಿಸಿಲಿಗೆ ಒಣಗಿಸಿ, ಬಿಗಿ ಮುಚ್ಚಳದ ತಗಡಿನ ಕಣಜದಲ್ಲಿ ತುಂಬತಕ್ಕದ್ದು. ಬೀಸುವ ಮುಂಚೆ ಜರಡಿ ಹಿಡಿದು ಹಿಕ್ಕೆ, ನುಸಿಗಳನ್ನು ತೆಗೆಯತಕ್ಕದ್ದು. ಹಳೆಯ ಹಿಟ್ಟನ್ನು ಬಹುದಿನ ಇಡಬಾರದು.

ಕೂಸಿಗೆ ಹೊಟ್ಟೆನೋವು, ಭೇದಿ ಬಿಡದಿದ್ದರೆ ದವಾಖಾನೆಯಲ್ಲಿ ಮಲಪರೀಕ್ಷೆ ಮಾಡಿಸಿರಿ. ಶಾಲೆಯಲ್ಲಿ ಕೊಡುವ ಅಲ್ಬೆಂಡಝೋಲ್ ಗುಳಿಗೆ ಮುಖ್ಯವಾಗಿ ದುಂಡುಹುಳು, ಕೊಕ್ಕೆಹುಳುಗಳಿಗಾಗಿ ಇದೆ. ಈ ಲಾಡಿಹುಳುವಿಗೆ ವೈದ್ಯರು ಸಾಮಾನ್ಯವಾಗಿ ಪ್ರಾಜಿಕ್ವಾಂಟೆಲ್ ಕೊಡುತ್ತಾರೆ. ಕಣಜದ ಕಾವಲು ಮಕ್ಕಳ ಕಾವಲೂ ಹೌದೆಂದು ನಾವು ಮರೆಯದಿರೋಣ.