ಕೂತಲ್ಲೇ ಆಗುಂಬೆ ಘಾಟಿ

ಹೊನ್ನಾಳಿ ಕಡೆಯಿಂದ ಹೊರಟ ಪ್ರವಾಸದ ಬಸ್ಸು ಆಗುಂಬೆಯ 14 ತಿರುವು ಇಳಿಯುವಷ್ಟರಲ್ಲಿ ಎಷ್ಟು ಮಕ್ಕಳು ಕಿಟಕಿಗೆ ತಲೆ ಕೊಡುತ್ತಾರೆ ಎಂಬುದು ಮೇಷ್ಟ್ರಿಗೆ ಮೊದಲೇ ಗೊತ್ತಿರುತ್ತದೆ. ಅದಕ್ಕೆ ಪ್ಲಾಸ್ಟಿಕ್ ಕವರ್ ಸಿದ್ಧವಿರುತ್ತದೆ. ಆದರೆ ಮನೆಯಲ್ಲೇ ಚಾಪೆ ಮೇಲೆ ಕೂತ ಹುಡುಗ ಅರ್ಧ ಗಂಟೆ ಮೊಬೈಲ್ ಗೇಮ್ ಆಡಿ, ಬೆವರಿ, ಬಿಳಿಚಿಕೊಂಡು ಬಚ್ಚಲಿಗೆ ಓಡಿದರೆ ಯಾರಿಗೂ ದಿಕ್ಕು ತೋಚುವುದಿಲ್ಲ. ‘ಪಿತ್ತ ಆಗೈತೆ, ನಿಂಬೆಹಣ್ಣು ಮೂಸಿಸ್ರಿ’ ಎನ್ನುತ್ತಾರೆ ಅಜ್ಜಿ. ‘ಕಣ್ಣು ಹಾಳಾಗ್ಯಾವೆ’ ಎನ್ನುತ್ತಾರೆ ಅಪ್ಪ. ಅವ್ವ ಉಪ್ಪು ಮೆಣಸಿನಕಾಯಿ ನಿವಾಳಿಸುತ್ತಾಳೆ. ಚನ್ನಗಿರಿಯ ತೋಟದ ಮನೆಯಾಗಲಿ, ನ್ಯಾಮತಿ ಪೇಟೆಯಾಗಲಿ, ಜಗಳೂರಿನ ಬಯಲ ಹಳ್ಳಿಯಾಗಲಿ, ಈ ಮೂರೂ ಎಲ್ಲ ಕಡೆ ನಡೆಯುತ್ತವೆ. ಮಗುವಿನ ಮೇಲಿನ ಕಾಳಜಿಯೇ ಅವನ್ನು ಮಾಡಿಸುತ್ತದೆ. ಆದರೆ ಕಾರಣ ಹೊಟ್ಟೆಯಲ್ಲಿಲ್ಲ, ಕಣ್ಣಿನ ದೋಷವೂ ಅಲ್ಲ.

ನಮ್ಮ ಒಳಗಿವಿಯಲ್ಲಿ ದ್ರವ ತುಂಬಿದ ಮೂರು ಅರ್ಧವೃತ್ತ ನಾಳಗಳಿವೆ, ಸುಣ್ಣದ ಹರಳು ಹೊತ್ತ ಎರಡು ಪುಟ್ಟ ಚೀಲಗಳಿವೆ. ತಲೆ ಯಾವ ಕಡೆ ತಿರುಗಿತು, ದೇಹ ಎತ್ತ ಸಾಗಿತು ಎಂದು ಮೆದುಳಿಗೆ ತಿಳಿಸುವುದು ಇವೇ. ಗೇಮ್ ಆಡುವಾಗ ಕಣ್ಣು ‘ಓಡುತ್ತಿದ್ದೇನೆ, ತಿರುಗಿದೆ, ಹಾರಿದೆ’ ಎನ್ನುತ್ತದೆ. ಕಿವಿ ‘ಇಲ್ಲ, ಚಾಪೆ ಮೇಲೇ ಕೂತಿದ್ದೀಯ’ ಎನ್ನುತ್ತದೆ. ಇಬ್ಬರು ಸಾಕ್ಷಿಗಳ ಹೇಳಿಕೆ ತಾಳೆಯಾಗದಾಗ ತಲೆ ತಿರುಗಿ ಹೊಟ್ಟೆ ತೊಳಸುತ್ತದೆ. 1975ರಲ್ಲಿ ರೀಸನ್ ಮತ್ತು ಬ್ರ್ಯಾಂಡ್ ಎಂಬ ಇಬ್ಬರು ಸಂಶೋಧಕರು ಪುಸ್ತಕವಾಗಿ ವಿವರಿಸಿದ ಈ ವಾದವನ್ನೇ ಇಂದಿಗೂ ಹೆಚ್ಚಿನವರು ಒಪ್ಪುತ್ತಾರೆ.

ಹೊಟ್ಟೆಯದಲ್ಲ, ಕಿವಿಯದೇ ಎನ್ನಲು ಗಟ್ಟಿ ಪುರಾವೆ ಇದೆ. 1950ರ ದಶಕದ ಕೊನೆಯಲ್ಲಿ ಅಮೆರಿಕದ ನೌಕಾಪಡೆ ಮತ್ತು ನಾಸಾ, ವಾಷಿಂಗ್ಟನ್ನಿನ ಗ್ಯಾಲಡೆಟ್ ಕಾಲೇಜಿನ 11 ಮಂದಿ ಕಿವುಡರನ್ನು ಪ್ರಯೋಗಕ್ಕೆ ಆರಿಸಿಕೊಂಡವು. ಒಬ್ಬರನ್ನು ಬಿಟ್ಟು ಉಳಿದವರೆಲ್ಲ ಎಳವೆಯಲ್ಲಿ ಮೆದುಳುಪೊರೆಯ ಉರಿಯೂತ (ಮೆನಿಂಜೈಟಿಸ್) ಬಂದು ಒಳಗಿವಿಯ ಶಕ್ತಿ ಕಳೆದುಕೊಂಡವರು. ಅವರನ್ನು ಕೆನಡಾದ ನೋವಾ ಸ್ಕೋಷಿಯಾ ಬಳಿಯ ಅಬ್ಬರದ ಕಡಲಿಗೆ ಹಡಗಿನಲ್ಲಿ ಕರೆದೊಯ್ದರು. ಅವರು ಆರಾಮಾಗಿ ಇಸ್ಪೀಟಾಡುತ್ತ ಕೂತರು. ಪರೀಕ್ಷೆ ಮಾಡಬೇಕಿದ್ದ ಸಂಶೋಧಕರೇ ಹೊಟ್ಟೆ ತೊಳಸಿ ಸೋತುಹೋದರು! ಪಿತ್ತ ಎಲ್ಲರಿಗೂ ಇತ್ತು. ಕೆಲಸ ಮಾಡುವ ಒಳಗಿವಿ ಇದ್ದದ್ದು ಸಂಶೋಧಕರಿಗೆ ಮಾತ್ರ.

ಆದ್ದರಿಂದ ತಲೆ ಸುತ್ತುವ ಮಗುವಿಗೆ ‘ಜೀವದಾಗೆ ಶಕ್ತಿನೇ ಇಲ್ಲ’ ಎನ್ನುವುದು ಅನ್ಯಾಯ. 1961ರಲ್ಲಿ ಬಾಹ್ಯಾಕಾಶಕ್ಕೆ ಹೋದ ಗೆರ್ಮನ್ ಟಿಟೋವ್‌ಗೂ ಅಲ್ಲಿ ಹೊಟ್ಟೆ ತೊಳಸಿತ್ತು. ಆತ ತರಬೇತಿ ಪಡೆದ ಯುದ್ಧವಿಮಾನ ಚಾಲಕ.

ನಮ್ಮಲ್ಲಿ ಯಾರೂ ಗಮನಿಸದ ತಪ್ಪು ಕಲ್ಪನೆ ಇನ್ನೊಂದಿದೆ: ಆಡುವವನಿಗೆ ತಾನೇ ತೊಂದರೆ, ನೋಡುವವನಿಗೇನು? ನಿಜ ಇದರ ತಿರುವುಮುರುವು. ಬಸ್ಸಿನಲ್ಲಿ ಡ್ರೈವರಿಗೆ ವಾಂತಿ ಬರುವುದು ಅಪರೂಪ, ಏಕೆಂದರೆ ತಿರುವು ಬರುವ ಮೊದಲೇ ಅವನ ಮೆದುಳು ಸಿದ್ಧವಾಗಿರುತ್ತದೆ. ಗೇಮಿನಲ್ಲೂ ಹೀಗೇ ಎಂದು ಪ್ರಯೋಗಗಳು ತೋರಿಸಿವೆ. ಒಂದೇ ಕಾರ್ ಗೇಮನ್ನು ಒಬ್ಬ ಓಡಿಸಿ ಇನ್ನೊಬ್ಬ ಬರೀ ನೋಡಿದರೆ, ನೋಡಿದವನಿಗೇ ಹೆಚ್ಚು ತೊಂದರೆ. ಅಣ್ಣನ ಭುಜದ ಮೇಲಿಂದ ಇಣುಕುವ ಪುಟ್ಟ ತಂಗಿಯ ಮೇಲೆ ನಿಮ್ಮ ಕಣ್ಣಿರಲಿ.

‘ಬಿಡದೆ ಆಡಿದ್ರೆ ರೂಢಿ ಆಗುತ್ತೆ’ ಎಂಬುದು ಅರ್ಧ ಸತ್ಯ. ರೂಢಿಯಾಗುತ್ತದೆ, ಆದರೆ ದಿನಕ್ಕೆ ಸ್ವಲ್ಪ ಸ್ವಲ್ಪವೇ ಆಡಿ, ಮೊದಲ ಸೂಚನೆಗೇ ನಿಲ್ಲಿಸಿದವರಿಗೆ. ಆಕಳಿಕೆ, ಬಾಯಲ್ಲಿ ನೀರೂರುವುದು, ತಣ್ಣನೆ ಬೆವರು: ಇವೇ ಆ ಸೂಚನೆಗಳು. ಆಗ ಮೊಬೈಲ್ ಕೆಳಗಿಟ್ಟು ಅಂಗಳಕ್ಕೆ ಬಂದು ದೂರದ ತೆಂಗಿನ ಮರವನ್ನೋ ಗುಡ್ಡವನ್ನೋ ನೋಡುತ್ತ ನಿಲ್ಲಬೇಕು. ಹಲ್ಲು ಕಚ್ಚಿ ಮುಂದುವರಿಸಿದರೆ ಸಂಕಟ ಗಂಟೆಗಟ್ಟಲೆ ಉಳಿಯಬಹುದು. ಹಾಗೆ ತಲೆ ತಿರುಗುತ್ತಿರುವಾಗ ಬೈಕ್ ಹತ್ತುವುದಂತೂ ಬೇಡವೇ ಬೇಡ.

‘ದೊಡ್ಡ ಟಿವಿ ತಂದರೆ ಸರಿಹೋಗುತ್ತದೆ’ ಎನ್ನುವವರೂ ಇದ್ದಾರೆ. ಆದರೆ ಪರದೆ ಕಣ್ತುಂಬ ಆವರಿಸಿದಷ್ಟೂ ತೊಂದರೆ ಹೆಚ್ಚು. ಹಾಗಾಗಿ ದೂರ ಕೂರಬೇಕು, ಕೋಣೆಯ ದೀಪ ಉರಿಯುತ್ತಿರಬೇಕು, ಅಲ್ಲಾಡದ ಗೋಡೆ ಕಣ್ಣಂಚಿಗೆ ಕಾಣುತ್ತಿರಬೇಕು. ಕಾಸು ಖರ್ಚಿಲ್ಲದ ದಾರಿ ಗೇಮಿನ ಸೆಟ್ಟಿಂಗ್ಸ್‌ನಲ್ಲೇ ಇದೆ. ಕ್ಯಾಮೆರಾ ಶೇಕ್, ಮೋಷನ್ ಬ್ಲರ್ ಆಫ್ ಮಾಡಿ, ಸೆನ್ಸಿಟಿವಿಟಿ ತಗ್ಗಿಸಿ. ಬಿಜಿಎಂಐ ಗೇಮ್ ಆಡುವ ಹುಡುಗರು ಎಫ್‌ಪಿಪಿ (ಆಟಗಾರನ ಕಣ್ಣಿನಿಂದಲೇ ಕಾಣುವ ನೋಟ) ಬಿಟ್ಟು ಟಿಪಿಪಿಗೆ (ಅವನ ಬೆನ್ನ ಹಿಂದಿನಿಂದ ಕಾಣುವ ನೋಟ) ಬಂದರೆ ಹಲವರಿಗೆ ಹಗುರವೆನಿಸುತ್ತದೆ. ಪರದೆ ನಡುವೆ ನಿಂತ ಆಟಗಾರನ ಬೆನ್ನು ಕಣ್ಣಿಗೆ ಗೂಟದಂತೆ ಆಧಾರವಾಗುತ್ತದೆ. ಇನ್ನು ಶಿವಮೊಗ್ಗಕ್ಕೆ ಹೋಗುವ ಬಸ್ಸಿನಲ್ಲಿ ಕೂತು ಆಡುವುದು: ಅಲ್ಲಿ ಕಿವಿ ಬಸ್ಸಿನ ಕುಲುಕಾಟ ಹೇಳುತ್ತದೆ, ಕಣ್ಣು ಬೇರೆಯೇ ಓಟ ಹೇಳುತ್ತದೆ. ಹೊಟ್ಟೆ ಕೆಡಿಸಿಕೊಳ್ಳಲು ಅದಕ್ಕಿಂತ ಹತ್ತಿರದ ದಾರಿ ನನಗೆ ಕಾಣದು.

ಪ್ರಯಾಣದ ವಾಂತಿ ಮಾತ್ರೆಯನ್ನು ಗೇಮಿಗಾಗಿ ನುಂಗಿಸುವುದು ನನಗೆ ಸರ್ವಥಾ ಒಪ್ಪಿಗೆಯಿಲ್ಲ. ಅದು ಮಂಪರು ತರುತ್ತದೆ, ವಾಂತಿ ಶುರುವಾದ ಮೇಲೆ ಹೆಚ್ಚು ಪ್ರಯೋಜನವೂ ಇಲ್ಲ. ಶುಂಠಿ ಕೆಲವರಿಗೆ ಓಕರಿಕೆ ತಗ್ಗಿಸುತ್ತದೆ, ನಿಂಬೆಯ ವಾಸನೆ ಹಿತವೆನಿಸಬಹುದು. ಎರಡೂ ಕಣ್ಣು ಕಿವಿಗಳ ಜಗಳ ಬಿಡಿಸಲಾರವು.

ಅರೆತಲೆನೋವು ಇರುವವರಿಗೆ ಇದೆಲ್ಲ ಬೇಗ ತಾಗುತ್ತದೆ. ಗೇಮ್ ಮುಟ್ಟದ ದಿನವೂ ತಲೆ ತಿರುಗಿದರೆ, ಕಿವಿಯಲ್ಲಿ ಗುಂಯ್‌ಗುಡುವ ಸದ್ದಿದ್ದರೆ, ಕೇಳುವುದು ಮಂದವಾದರೆ, ಮೊಬೈಲನ್ನು ಬಯ್ಯುತ್ತ ಕೂರದೆ ಕಿವಿ, ಮೂಗು, ಗಂಟಲಿನ ವೈದ್ಯರಿಗೆ ತೋರಿಸಿ.